ಅಜ್ಜ ಹತ್ತಿ ತುಂಬಿದ ಟ್ರಂಕ್‌ಕಾಲ್ ಪೆಟ್ಟಿಗೆ

ಒದ್ದೆ ಹತ್ತಿಯ ವಾಸನೆ ಮೂಗಿಗೆ ಬಡಿದರೆ ನನಗೆ ಈಗಲೂ ಮಧ್ಯಾಹ್ನ ಮೂರು ಗಂಟೆ. ಕೊಟ್ಟೂರಿನಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನ ಸೈರನ್ನು ದಿನವೂ ಸರಿಯಾಗಿ ಮೂರಕ್ಕೆ ಕೂಗುತ್ತಿತ್ತು. ಆವತ್ತೂ ಕೂಗಿತು. ಹಾಗಾಗಿ ಹೊತ್ತಿನ ಬಗ್ಗೆ ನನಗೆ ಅನುಮಾನವಿಲ್ಲ. ಕೂಗು ಅಡಗಿದ ಮೇಲೂ ಒಂದು ಸದ್ದು ಹಿಂದೆ ಉಳಿಯಿತು. ದೂರದಲ್ಲಿ ಯಾರೋ ಶೇಂಗಾದ ಚೀಲಗಳನ್ನು ಎಳೆದುಕೊಂಡು ಬರುತ್ತಿರುವಂಥ ಸದ್ದು. ತಲೆಯ ಮೇಲೆ ಬಿಸಿಲು ಸುಡುತ್ತಿತ್ತು, ಆಕಾಶದಲ್ಲಿ ಮೋಡದ ಚೂರಿಲ್ಲ, ಹಳ್ಳದ ಮರಳು ಬಾಣಲೆಯಂತೆ ಕಾದಿತ್ತು. ಆ ಮರಳಿನ ನಟ್ಟನಡುವೆ ನಮ್ಮ ಬಂಡಿಯ ಗಾಲಿ ಹೂತು ನಿಂತಿತ್ತು. ಬಂಡಿಯ ಮೇಲೆ ಗಾದಿ ಸುತ್ತಿದ ಎತ್ತರದ ಪೆಟ್ಟಿಗೆ, ಪೆಟ್ಟಿಗೆಯ ಒಳಗೆ ನನ್ನ ಅಜ್ಜಿ. ಅವ್ವ ಮತ್ತು ನಾನು ಮೊದಲೇ ಹಳ್ಳ ದಾಟಿ ಆಚೆ ದಂಡೆಯ ಮೇಲೆ ಕಾಯುತ್ತಿದ್ದೆವು. ಮೇಲೆಲ್ಲೋ, ಕೂಡ್ಲಿಗಿ ಕಡೆಯ ಗುಡ್ಡದಲ್ಲಿ, ನಮಗೆ ಗೊತ್ತಿಲ್ಲದ ಮಳೆ ಸುರಿದು ಹೋಗಿತ್ತು. ಮರಳಿನ ಮೇಲೆ ಮೊದಲು ಒಣ ಕಡ್ಡಿ, ನೊರೆ, ಜಾಲಿಯ ಮುಳ್ಳು ಉರುಳಿ ಬಂದವು. ಅವುಗಳ ಹಿಂದೆ ಕೆಂಪು ನೀರು ಬಂತು.

ಅಂಥ ಪೆಟ್ಟಿಗೆಯನ್ನು ನೀವೂ ಕಂಡಿರಬಹುದು. ಅಂಚೆ ಕಚೇರಿಯ ಪಡಸಾಲೆಯ ಮೂಲೆಯಲ್ಲಿ ಆಳೆತ್ತರಕ್ಕಿಂತ ಒಂದಿಷ್ಟು ಮೇಲೆ ನಿಲ್ಲುತ್ತಿದ್ದ ಸಾಗುವಾನಿ ಗೂಡು, ಬಾಗಿಲಿಗೆ ಮುಖದ ಮಟ್ಟದಲ್ಲಿ ಒಂದು ಗಾಜು, ಒಳಗೆ ಹಲಗೆಯ ಮೇಲೆ ಕರೀ ಫೋನು. ಟ್ರಂಕ್‌ಕಾಲ್ ಬರೆಸಿ ಜನ ಪಡಸಾಲೆಯಲ್ಲಿ ಬೀಡಿ ಸೇದುತ್ತ, ಮಂಡಕ್ಕಿ ಮುಕ್ಕುತ್ತ ಕಾಯುತ್ತಿದ್ದರು. ಹೆಸರು ಕೂಗಿದಾಗ ಒಳಗೆ ಓಡಿ, ದಾವಣಗೆರೆಗೋ ಹುಬ್ಬಳ್ಳಿಗೋ ತಂತಿಯಿಲ್ಲದೇ ಕೇಳಿಸುವಷ್ಟು ಜೋರಾಗಿ ಒದರುತ್ತಿದ್ದರು. ಬರೀ ಹಲಗೆಯ ಗೂಡು, ಒಳಗಿನ ಮಾತೆಲ್ಲ ಹೊರಗೆ. ಶೇಂಗಾದ ಧಾರಣೆ ಒಬ್ಬ ವ್ಯಾಪಾರಿ ಕೇಳುವುದರೊಳಗೆ ಪಡಸಾಲೆಯಲ್ಲಿದ್ದ ಇನ್ನೊಬ್ಬ ಅಡತಿ ಅಂಗಡಿಗೆ ಓಡಿರುತ್ತಿದ್ದ. ಹರಪನಹಳ್ಳಿಯ ಬೀಗರ ಜೊತೆ ಯಾರೋ ಗುಟ್ಟಾಗಿ ಆಡಿದ ಮಾತು ಸಂಜೆಯೊಳಗೆ ಊರೆಲ್ಲ ಹಬ್ಬಿ ಒಂದು ಹುಡುಗಿಯ ಸಂಬಂಧವೇ ಮುರಿಯಿತಂತೆ. ಆಗಿನ ಪೋಸ್ಟ್‌ಮಾಸ್ಟರು ಬೇಸತ್ತು ನಮ್ಮ ಅಜ್ಜನನ್ನು ಕರೆಸಿ, ಇದಕ್ಕೆ ಏನಾದರೂ ಮಾಡು ಎಂದರು. ಇದೆಲ್ಲ ನಾನು ಹುಟ್ಟುವ ಮೊದಲಿನ ಮಾತು.

ನಾವು ಪಿಂಜಾರರು. ಹತ್ತಿ ಹಿಂಜಿ ಗಾದಿ, ದಿಂಬು ಹೊಲಿಯುವುದು ನಮ್ಮ ಮನೆತನದ ಕಸುಬು. ಜಿನ್ನಿನ ಹಿಂದೆ, ಹಳ್ಳದ ಆಚೆ ನಮ್ಮ ಮನೆ. ಅಜ್ಜನ ಹತ್ತಿ ಹಿಂಜುವ ಬಿಲ್ಲು ಜಂತಿಗೆ ತೂಗುಬಿದ್ದಿರುತ್ತಿತ್ತು. ಅದರ ನರಕ್ಕೆ ಅವನು ಕೊಡತಿಯಿಂದ ಬಡಿದಾಗ ಢಂಯ್ಯೆಂದು ಏಳುತ್ತಿದ್ದ ನಾದ ನೆಲದಿಂದ ನಮ್ಮ ಅಂಗಾಲಿಗೆ ಹತ್ತುತ್ತಿತ್ತು. ಹತ್ತಿ ಹಾರಿ ಹಾರಿ ಅಜ್ಜನ ಹುಬ್ಬು, ಮೀಸೆ, ಸಾರಿನ ಗಡಿಗೆಯ ಅಂಚು ಎಲ್ಲದರ ಮೇಲೂ ಕೂರುತ್ತಿತ್ತು. ನಮ್ಮ ಮನೆಯ ರೊಟ್ಟಿಯಲ್ಲಿ ಒಂದೆರಡು ಎಳೆ ಹತ್ತಿ ಇಲ್ಲದಿದ್ದರೆ ಅದು ಪಕ್ಕದ ಮನೆಯ ರೊಟ್ಟಿ ಎಂದು ಅಪ್ಪ ನಗುತ್ತಿದ್ದ. ಅಂಥ ಅಜ್ಜ ಪೆಟ್ಟಿಗೆಯ ಮೂರು ಗೋಡೆ, ಚಾವಣಿ, ಬಾಗಿಲು ಎಲ್ಲಕ್ಕೂ ಒಳಗಿನಿಂದ ನೀಲಿ ಪಟ್ಟಿಯ ಗಾದಿ ಬಟ್ಟೆ ಹೊಡೆದು, ಅದರೊಳಗೆ ಹತ್ತಿ ಜಡಿದು, ದಬ್ಬಣದಿಂದ ಚೌಕ ಚೌಕವಾಗಿ ಹೊಲಿಗೆ ಹಾಕಿದ. ಕೆಲಸ ಮುಗಿದ ಮೇಲೆ ಪರೀಕ್ಷೆ ಮಾಡಬೇಕಲ್ಲ. ಊರಲ್ಲಿ ಎಲ್ಲರಿಗಿಂತ ದೊಡ್ಡ ದನಿ ಯಾರದು ಎಂದು ಯಾರೂ ವಿಚಾರ ಮಾಡಬೇಕಾಗಿರಲಿಲ್ಲ. ಅಜ್ಜ ಮನೆಗೆ ಬಂದು ಅಜ್ಜಿಯನ್ನು ಕರೆದುಕೊಂಡು ಹೋಗಿ ಒಳಗೆ ನಿಲ್ಲಿಸಿ, ಬಾಗಿಲು ಹಾಕಿ, ನಿನಗೆ ನನ್ನ ಮೇಲೆ ಇರುವ ಸಿಟ್ಟನ್ನೆಲ್ಲ ಬೈದು ಮುಗಿಸು ಎಂದ. ಹೊರಗೆ ಕಿವಿಯಿಟ್ಟು ನಿಂತ. ಕೇಳಿಸಿದರೆ ಬಿಚ್ಚಿ ಇನ್ನಷ್ಟು ಹತ್ತಿ ತುಂಬುವುದು, ಮತ್ತೆ ಬೈಸುವುದು. ಕೊನೆಗೊಂದು ಸಂಜೆ ಗಾಜಿನಲ್ಲಿ ಅಜ್ಜಿಯ ಬಾಯಿ ಮಾತ್ರ ಕುಣಿಯಿತು, ದನಿ ಬರಲಿಲ್ಲ. ಅಜ್ಜ ಪಡಸಾಲೆಯಲ್ಲೇ ಕೂತು ಕಣ್ಣಲ್ಲಿ ನೀರು ಬರುವಂತೆ ನಕ್ಕನಂತೆ.

ಅವನು ತೀರಿಕೊಂಡ ಮೇಲೆ ಅಜ್ಜಿ ಸಂತೆಗೆ ಹೋದಾಗಲೆಲ್ಲ ಅಂಚೆ ಕಚೇರಿಗೆ ಹೋಗುತ್ತಿದ್ದಳು. ಫೋನು ಮುಟ್ಟುತ್ತಿರಲಿಲ್ಲ. ಒಳಗೆ ಹೋಗಿ ಬಾಗಿಲು ಎಳೆದುಕೊಂಡು ಅಜ್ಜನನ್ನು ಮನಸಾರೆ ಬೈಯುತ್ತಿದ್ದಳು: ಸೂರು ಸೋರುವುದು, ಸೊಸೆ ಉಪ್ಪು ಹೆಚ್ಚು ಹಾಕುವುದು, ತನ್ನನ್ನು ಬಿಟ್ಟು ಮುಂದೆ ಹೋದದ್ದು. ಹೊರಬಂದಾಗ ಅವಳ ಮುಖ ಮಳೆ ನಿಂತ ಅಂಗಳದಂತೆ ಇರುತ್ತಿತ್ತು. ಪೋಸ್ಟ್‌ಮಾಸ್ಟರು ಬದಲಾದರೂ ಯಾರೂ ಅವಳನ್ನು ತಡೆಯಲಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಕಚೇರಿ ಹೊಸ ಕಟ್ಟಡಕ್ಕೆ ಹೋಯಿತು. ಹಳೇ ಮರಮುಟ್ಟು ಹರಾಜಾಗಿ, ಪೆಟ್ಟಿಗೆ ಒಬ್ಬ ಬೇಕರಿಯವನ ಪಾಲಾಯಿತು. ಸಾಗುವಾನಿಯ ಆಸೆಗಲ್ಲ, ಭಟ್ಟಿಗೆ ಹಾಕಲು. ಸುದ್ದಿ ತಿಳಿದ ಅಜ್ಜಿ ಬೇಕರಿಯ ಮುಂದೆ ಹೋಗಿ ಕೂತಳು. ಅವನು ಕೊಡಲಿ ತಂದಿದ್ದ. ಅಜ್ಜಿ ಎದ್ದು ಹೋಗಿ ಪೆಟ್ಟಿಗೆಯ ಒಳಗೆ ನಿಂತಳು.

"ನಿನ್ನ ಮಗಳ ಮದಿವಿ ಐತಿ ಅಂತ ಕೇಳೀನಿ," ಎಂದಳು ಬಾಗಿಲು ಅರ್ಧ ತೆರೆದು. "ಗಾದಿ ನಾವು ಹೊಲೀತೀವಿ. ಇಲ್ಲ ಅಂದ್ರ ಕಡಿ, ನನ್ನ ಸಮೇತ ಕಡಿ. ಊರಾನ ಜನ ನಾಳಿಗೆ ನಿನ್ನ ಬನ್ನು ತಿಂತಾರೇನು ನೋಡೂಣು."

ಬೇಕರಿಯವನು ಅಜ್ಜಿಯ ಹಿಂದೆಯೇ ಬಂದಿದ್ದ ಅಪ್ಪನ ಮುಖ ನೋಡಿ, ಹುಸೇನಣ್ಣ, ನಿಮ್ಮವ್ವನ ಕೈಯಾಗ ಹೆಂಗ ಬಾಳೇ ಮಾಡ್ತೀಯಪಾ ಎಂದು ಕೊಡಲಿ ಕೆಳಗಿಟ್ಟ. ನಮ್ಮ ಕಡೆ ಮದುಮಗಳ ಗಾದಿಗೆ ಯಾರೂ ಹಳೇ ಹತ್ತಿ ಹಾಕುವುದಿಲ್ಲ. ಅಪ್ಪ ಹೊಸ ಹತ್ತಿ ತಂದು ಹೊಲಿದು ಕೊಟ್ಟ. ಪೆಟ್ಟಿಗೆ ನಮ್ಮದಾಯಿತು.

ಇನ್ನು ಮನೆಗೆ ತರುವುದು. ಪೇಟೆಯ ಓಣಿಯಲ್ಲಿ ಫೋನಿನ ತಂತಿಗಳೇ ಜೋತುಬಿದ್ದಿದ್ದವು. ನಿಲ್ಲಿಸಿದ ಪೆಟ್ಟಿಗೆ ಅವುಗಳ ಕೆಳಗೆ ಹಾಯುತ್ತಿರಲಿಲ್ಲ. ಮಲಗಿಸಿ ಒಯ್ಯೋಣ ಎಂದ ಬಂಡಿಯ ಕೊಟ್ರಪ್ಪ. ಅಜ್ಜಿ ಒಪ್ಪಲಿಲ್ಲ. ಮಲಗಿಸಿದರೆ ಅದು ಹೆಣ ಹೊರುವ ಮಯ್ಯತ್ತಿನ ಪೆಟ್ಟಿಗೆಯಾಗುತ್ತದೆ, ಬದುಕಿದ್ದಷ್ಟು ದಿನ ನಿಂತದ್ದು ನಿಂತೇ ಬರಲಿ ಎಂದಳು. ಹಾಗಾಗಿ ಓಣಿ ಬಿಟ್ಟು ಹಳ್ಳದ ದಾರಿ ಹಿಡಿದೆವು. ಗಾಜಿಗೂ ಮರಕ್ಕೂ ಪೆಟ್ಟಾಗಬಾರದೆಂದು ಅಪ್ಪ ಮನೆಯ ಗಾದಿಗಳನ್ನೆಲ್ಲ ತಂದು ಪೆಟ್ಟಿಗೆಗೆ ಸುತ್ತಿ ಹಗ್ಗ ಬಿಗಿದ, ಗಾಜಿನ ಮುಂದಷ್ಟೇ ಒಂದು ಕಿಂಡಿ ಬಿಟ್ಟ. ಯಾವ ಪಿಂಜಾರನಾದರೂ ಹಾಗೇ ಮಾಡುತ್ತಿದ್ದ. ಹುಟ್ಟಿದ ಮಗುವಿನಿಂದ ಮುರಿದ ಕಾಲಿನವರೆಗೆ ಎಲ್ಲಕ್ಕೂ ನಾವು ಹತ್ತಿಯನ್ನೇ ನಂಬಿದವರು. ಹಗ್ಗ ಕಟ್ಟುವ ಮೊದಲೇ ಅಜ್ಜಿ ಒಳಗೆ ಹೊಕ್ಕು, ಎಲೆಯಡಿಕೆ ಚೀಲ ತೊಡೆಯ ಮೇಲಿಟ್ಟುಕೊಂಡು ಒಂದು ಹತ್ತಿ ಮೂಟೆಯ ಮೇಲೆ ಕೂತಿದ್ದಳು. ಮದುವೆಯಲ್ಲಿ ಮೇಣೆ ಸಿಗಲಿಲ್ಲ, ಈಗ ಹತ್ತೀನಿ ಎಂದು ಕೊಟ್ರಪ್ಪನಿಗೆ ಹೇಳಿದಳಂತೆ. ಕೊಟ್ರಪ್ಪ, "ಹಲ್ಲಿಲ್ಲದ ಮದುಮಗಳು ಇವತ್ತ ನೋಡಿದ್ನಿ ನೋಡಬೇ," ಎಂದನಂತೆ.

ನೀರು ಬಂದಾಗ ಕೊಟ್ರಪ್ಪ ಕುಡಗೋಲಿನಿಂದ ಕಣ್ಣಿ ಕೊಯ್ದು ಎತ್ತುಗಳನ್ನು ಬಿಡಿಸಿದ. ಅಪ್ಪ ಬಂಡಿಯ ಹಿಂದೆ ಗಾಲಿಗೆ ಹೆಗಲು ಕೊಟ್ಟಿದ್ದ. ಅವನಿಗೆ ಗಾಜು ಕಾಣುತ್ತಿರಲಿಲ್ಲ. ಎತ್ತರದ ದಂಡೆಯಲ್ಲಿದ್ದ ನನಗೆ ಅದೊಂದೇ ಕಾಣುತ್ತಿತ್ತು. ಮೊದಲು ಗಾದಿಗಳು ತೇಲಿಸುತ್ತವೆ ಅನಿಸಿತು. ಆಮೇಲೆ ಅವು ನೀರು ಕುಡಿದವು. ನೋಡನೋಡುತ್ತ ಕಪ್ಪಾಗಿ, ಉಬ್ಬಿ, ಕಲ್ಲಿನಂತೆ ಭಾರವಾಗಿ ಬಂಡಿಯನ್ನು ಒಂದು ಮಗ್ಗುಲಿಗೆ ಎಳೆದವು. ಪೆಟ್ಟಿಗೆ ವಾಲಿ, ಬಾಗಿಲು ಆಕಾಶ ನೋಡುವಂತೆ ಬಿತ್ತು. ಗಾಜಿನ ಹಿಂದೆ ಅಜ್ಜಿಯ ಮುಖ. ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು, ತೆರೆಯುತ್ತಿತ್ತು. ದನಿ ಇರಲಿಲ್ಲ. ಅಪ್ಪ ಒಂದು ಮಾರು ದೂರದಲ್ಲಿ ನಿಂತು, ತನ್ನವ್ವ ಗಟ್ಟಿ ಜೀವ, ಹೆದರಿಲ್ಲ, ಸುಮ್ಮನೆ ಕೂತಿದ್ದಾಳೆ ಎಂದೇ ತಿಳಿದು ಗಾಲಿ ಎತ್ತುತ್ತಿದ್ದ. ಅಜ್ಜ ಹೊಲಿದ ಗೋಡೆ ಅಷ್ಟು ಚೆನ್ನಾಗಿತ್ತು. ನಾನು ಕಿರುಚಿದೆ, ಅವ್ವ ಕಿರುಚಿದಳು, ನೀರಿನ ಸದ್ದು ನಮ್ಮಿಬ್ಬರನ್ನೂ ನುಂಗಿತು. ಮುಂದೆ ನಾನು ಕಾಲೇಜು ಓದಿದೆ, ಈಗ ಹಡಗಲಿಯಲ್ಲಿ ಪಾಠ ಹೇಳುತ್ತೇನೆ. ತರಗತಿಯಲ್ಲಿ ಗಾಜಿನ ಕಿಟಕಿಯಾಚೆ ಯಾರಾದರೂ ಮಾತಾಡುವುದು ಕಂಡು ದನಿ ಕೇಳಿಸದಿದ್ದರೆ ಇಂದಿಗೂ ಸೀಮೆಸುಣ್ಣ ಬಿಟ್ಟು ಬಾಗಿಲು ತೆರೆಯಲು ಓಡುತ್ತೇನೆ.

ಆವತ್ತು, ನಾವು ಕಿರುಚುತ್ತಿದ್ದಂತೆಯೇ, ಗಾಜಿನ ಮೇಲೆ ಒಳಗಿನಿಂದ ಒಂದು ಬಿಳೀ ನಕ್ಷತ್ರ ಮೂಡಿತು. ಇನ್ನೊಂದು ಏಟಿಗೆ ಗಾಜು ಒಡೆದು, ಎಲೆಯಡಿಕೆ ಕುಟ್ಟುವ ಕಬ್ಬಿಣದ ಕುಟ್ಟಾಣಿ ಹಿಡಿದ ಕೈ ಹೊರಗೆ ಬಂತು. ಕೈಯ ಹಿಂದೆಯೇ ದನಿ. ನೀರಿನ ಸದ್ದನ್ನೂ ಸೀಳಿಕೊಂಡು ದಂಡೆಗೆ ಮುಟ್ಟಿದ ಮೊದಲ ಮಾತನ್ನು ನಾನು ಸತ್ತರೂ ಮರೆಯಲಾರೆ.

"ಲೇ ಮುದುಕಾ, ನಿನ್ನ ಬಿಲ್ಲು ಮುರಿಯ, ಇಷ್ಟ್ಯಾಕ ತುಂಬಿದ್ಯೋ ಹತ್ತಿ!"

ಅಪ್ಪ ಆಗ ತಿರುಗಿದ. ಹಗ್ಗದ ಗಂಟುಗಳು ನೀರಿಗೆ ಬಿಗಿದು ಕೂತಿದ್ದವು. ಕೊಟ್ರಪ್ಪನ ಕುಡಗೋಲು ಹಗ್ಗ ಕೊಯ್ದಿತು. ಗಾದಿಗಳು ಒಂದೊಂದಾಗಿ ಸತ್ತ ಎಮ್ಮೆಗಳಂತೆ ಹಳ್ಳ ಸೇರುವ ಕೆರೆಯ ಕಡೆ ಉರುಳಿ ಹೋದವು. ಅಜ್ಜಿಯನ್ನು ಹೆಗಲಿಗೆ ಹಾಕಿಕೊಂಡು ಅಪ್ಪ ದಂಡೆಗೆ ತಂದ. ಮೊಣಕೈಯಿಂದ ರಕ್ತ ಸುರಿಯುತ್ತಿದ್ದ ಆ ಮುದುಕಿ ನೆಲಕ್ಕೆ ಕಾಲೂರಿದವಳೇ, "ನನ್ನೇನು ನೋಡ್ತೀರಿ, ನಾನು ಅದೀನಿ. ಪೆಟಗಿ ಹಿಡೀರಿ," ಎಂದಳು. ಗಾದಿಯ ಭಾರ ಕಳಚಿದ ಪೆಟ್ಟಿಗೆ ಅಲುಗಾಡತೊಡಗಿತ್ತು. ಕೊಟ್ರಪ್ಪ ಅದಕ್ಕೆ ಹಗ್ಗ ಹಾಕಿ ದಂಡೆಯ ಬೇವಿಗೆ ಬಿಗಿದ. ನೀರು ಇಳಿದ ಮೇಲೆ ಅವನ ಎತ್ತುಗಳೇ ಎಳೆದು ತಂದವು.

ಊರು ಸುಮ್ಮನಿರಲಿಲ್ಲ. ಜೀವ ತಿನ್ನಲು ಬಂದ ವಸ್ತು, ಮನೆಯಲ್ಲಿ ಇಡಬೇಡಿ, ಸುಡಿ ಎಂದರು. ಬೇಕರಿಯವನೂ ಬಂದು, ಈಗಲಾದರೂ ಕೊಡಿ, ಗಾದಿಯ ಋಣ ಬೇರೆ ರೀತಿ ತೀರಿಸುತ್ತೇನೆ ಎಂದ. ಅಪ್ಪನೇ ಒಳಗೊಳಗೆ ಒಪ್ಪಿದ್ದ ಅನಿಸುತ್ತದೆ. ಅವನು ಅದರ ಹತ್ತಿರವೂ ಸುಳಿಯುತ್ತಿರಲಿಲ್ಲ. ಅಜ್ಜಿ ಮಾತ್ರ ಎಲ್ಲರಿಗೂ ಒಂದೇ ಉತ್ತರ ಕೊಟ್ಟಳು: ಹಳ್ಳಕ್ಕೆ ಸೋಲದ್ದನ್ನು ಒಲೆಗೆ ಸೋಲಲು ಬಿಡುವುದಿಲ್ಲ. ಆದರೆ ಅವಳಿಗೂ ಮುಚ್ಚಿದ ಬಾಗಿಲು ಆಗದಾಗಿತ್ತು. ಮನೆಯ ಯಾವ ಅಗಳಿಯನ್ನೂ ಹಾಕಗೊಡದೆ ಗೋಡೆಗೊರಗಿ ಕೂತೇ ರಾತ್ರಿ ಕಳೆಯುತ್ತಿದ್ದಳು. ಅಪ್ಪ ಕಣ್ಣು ಹತ್ತಿದೊಡನೆ ಬೆಚ್ಚಿ ಎದ್ದು, "ಯವ್ವಾ?" ಎಂದು ಕರೆಯುತ್ತಿದ್ದ. "ಅದೀನಿ, ಮಲಗೋ," ಎಂದು ಕತ್ತಲಲ್ಲಿ ಅಜ್ಜಿ. ಸ್ವಲ್ಪ ಹೊತ್ತಿಗೆ ಮತ್ತೆ, "ಯವ್ವಾ?" ಗಾದಿ ಹೊಲಿಯುವವರ ಮನೆಯಲ್ಲಿ ಗಾದಿಯೂ ಇರಲಿಲ್ಲ, ನಿದ್ದೆಯೂ ಇರಲಿಲ್ಲ.

ಕೆರೆಯಂಚಿನ ಜಾಲಿಯಲ್ಲಿ ಸಿಕ್ಕಿಕೊಂಡಿದ್ದ ಗಾದಿಗಳನ್ನು ಕೊಟ್ರಪ್ಪ ಹೇರಿಕೊಂಡು ಬಂದ. ಹರಿದು, ಮುಳ್ಳು ಆರಿಸಿ, ಮರಳು ಜಾಡಿಸಿ, ಅಂಗಳದ ತುಂಬ ಹರವಿದೆವು. ಇಡೀ ಮನೆ ಹುಳಿ ಹುಳಿಯಾಗಿ, ಒದ್ದೆ ನಾಯಿಯಂತೆ, ಹಳ್ಳದಂತೆ ನಾರಿತು. ಪೆಟ್ಟಿಗೆಯ ಒಳಗಿನ ಅಜ್ಜನ ಹತ್ತಿಯನ್ನೂ ಬಿಚ್ಚಿದೆವು. ಒಣಗಿದ ಮೇಲೆ ಅಜ್ಜಿ ಅಪ್ಪನ ಕೈಗೆ ಅಜ್ಜನ ಬಿಲ್ಲು ಕೊಟ್ಟಳು. ಅಪ್ಪ ಬಡಿದ. ಗಟ್ಟಿಯಾಗಿ ಗಡ್ಡೆ ಕಟ್ಟಿದ್ದ ಹತ್ತಿ ಢಂಯ್ ಢಂಯ್ ಎಂದು ಮೊದಲು ಮುನಿಸಿನಿಂದ, ಆಮೇಲೆ ಹಗುರಾಗಿ ಎದ್ದು ಹಾರಿತು. ಮತ್ತೆ ಪೆಟ್ಟಿಗೆಗೆ ತುಂಬುವಾಗ ಅವನು ಬಾಗಿಲಿಗೆ ಹತ್ತಿ ಹಾಕಲಿಲ್ಲ. ಹೊರಗೆ ಕೇಳಿಸಬೇಕು ಎಂದ. ಅಜ್ಜಿ ದಬ್ಬಣ ಕಸಿದುಕೊಂಡಳು.

"ನಿಮ್ಮಪ್ಪ ಸುಳ್ಳು ಕೆಲಸ ಮಾಡಿಲ್ಲ. ನೀನೂ ಮಾಡಬ್ಯಾಡ. ತುಂಬು."

ಅಪ್ಪ ತುಂಬಿದ. ಹೊಸ ಗಾಜು ಕೂತಿತು. ಅಜ್ಜಿ ಸೆರಗು ಬಿಗಿದುಕೊಂಡು ಒಳಗೆ ಹೋಗಿ, ಒಂದು ಗಳಿಗೆ ಬಾಗಿಲ ಹಿಡಿಕೆ ಹಿಡಿದು ನಿಂತು, ತನ್ನ ಕೈಯಿಂದಲೇ ಬಾಗಿಲು ಎಳೆದುಕೊಂಡಳು. ಗಾಜಿನ ಹಿಂದೆ ಅವಳ ಬಾಯಿ ತೆರೆಯಿತು, ಮುಚ್ಚಿತು, ತೆರೆಯಿತು. ಅಪ್ಪ ಹಲಗೆಗೆ ಕಿವಿ ಒತ್ತಿ ನಿಂತಿದ್ದ, ಕಣ್ಣು ಮುಚ್ಚಿಕೊಂಡು. ನಾನು ಅವ್ವನ ಸೀರೆ ಹಿಡಿದಿದ್ದೆ. ಎಷ್ಟೋ ಹೊತ್ತಿನ ಮೇಲೆ ಬಾಗಿಲು ತೆರೆಯಿತು, ಒಳಗಿನಿಂದ.

"ಕೇಳಿಸ್ತೇನು?"

"ಇಲ್ಲ ಯವ್ವಾ."

"ಹಂಗಾರ ಸುಮ್ನಿರು," ಎಂದಳು. "ಒಳಗಿದ್ದಾಕಿಗೆ ಹೊರಗ ಬರಾಕ ಬರ್ತತಿ."

ಆ ಮನೆ ಈಗಿಲ್ಲ. ಜಿನ್ನು ಮುಚ್ಚಿತು, ಸೈರನ್ನು ನಿಂತಿತು, ಫೋಮಿನ ಹಾಸಿಗೆಗಳು ಬಂದವು, ಬಿಲ್ಲಿನ ನಾದ ಕೇಳಿದವರು ಒಬ್ಬೊಬ್ಬರಾಗಿ ಹೋದರು. ಪೆಟ್ಟಿಗೆ ನನ್ನ ಜೊತೆ ಹಡಗಲಿಯಲ್ಲಿದೆ, ಪಡಸಾಲೆಯಲ್ಲಿ ನಿಂತೇ ಇದೆ. ಇಷ್ಟು ಜಾಗ ಯಾಕೆ ಕೆಡಿಸಿದ್ದೀರಿ, ಒಳ್ಳೆ ಸಾಗುವಾನಿ, ಮಾರಿಬಿಡಿ ಎನ್ನುವವರಿಗೆ ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಉತ್ತರ ಹೇಳುತ್ತೇನೆ. ಅವರಿಗೆ ಅದು ಕೇಳಿಸುವುದಿಲ್ಲ.

ಅಪ್ಪ ಕಿವಿಯಿಟ್ಟು ಕೇಳಿದ ಆ ದಿನದ ಮರುಬೆಳಗು ನನಗೆ ನೆನಪಿದೆ. ಮತ್ತೆ ಹಿಂಜಿ ಹೊಲಿದ ಗಾದಿಗಳ ಮೇಲೆ ಮಲಗಿದ್ದೆವು. ಎಷ್ಟು ಹಿಂಜಿದರೂ ಹಳ್ಳದ ವಾಸನೆ ಒಂದಿಷ್ಟು ಉಳಿದೇ ಇತ್ತು. ಮಸೀದಿಯ ಅಜಾನಿನ ಕೂಗಿಗೂ ಯಾರಿಗೂ ಎಚ್ಚರವಾಗಲಿಲ್ಲ. ನಾನು ಕಣ್ಣು ಬಿಟ್ಟಾಗ ಬಿಸಿಲು ಹೊಸ್ತಿಲು ದಾಟಿ ಪೆಟ್ಟಿಗೆಯ ಗಾಜಿಗೆ ಬಿದ್ದಿತ್ತು. ಅಪ್ಪ ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದ. ಅಜ್ಜಿ ಅವನ ತಲೆಯ ಬಳಿ ಕೂತಿದ್ದಳು, ಕೆನ್ನೆಯ ಮೇಲೆ ದಿಂಬಿನ ಗೆರೆ. ನನ್ನನ್ನು ನೋಡಿ ಬಾಯಿಯ ಮೇಲೆ ಬೆರಳಿಟ್ಟು, "ರಾತ್ರಿ ಕರೀಲೇ ಇಲ್ಲ ನೋಡು," ಎಂದು ಪಿಸುಗುಟ್ಟಿದಳು. ಆಮೇಲೆ ಒಂದು ಹಿಡಿ ಹತ್ತಿ ಎಳೆದುಕೊಂಡು ಕುಟ್ಟಾಣಿಯ ಕೆಳಗಿಟ್ಟು, ಸದ್ದಾಗದಂತೆ ಎಲೆಯಡಿಕೆ ಕುಟ್ಟತೊಡಗಿದಳು.