ಎರಡು ಕುರ್ಚಿ, ಎರಡು ಬೈಕು

ನಮ್ಮ ಮಹಡಿಯಲ್ಲಿ ಬಾಡಿಗೆಗಿರುವ ಕನ್ನಡಕದಂಗಡಿಯವರಿಗೂ ಅವರ ಹೆಂಡತಿ ನರ್ಸಮ್ಮನಿಗೂ ಐವತ್ತರ ಹತ್ತಿರ ಬೈಕಿನ ಹುಚ್ಚು ಹಿಡಿಯಿತು. ಬೈಕು ಸಿಗುವ ಮೊದಲೇ ಸವಾರಿ ಶುರುವಾಗಿತ್ತು. ಸಂಜೆ ತಾರಸಿಯಲ್ಲಿ ಎರಡು ಕುರ್ಚಿ ಹಾಕಿ, ಹೆಲ್ಮೆಟ್ ತೊಟ್ಟು ಕೂತು, ಎಡಗಾಲಿನ ಚಪ್ಪಲಿಯಿಂದ ಗೇರು ಬದಲಿಸುತ್ತಿದ್ದರು. “ಕ್ಲಚ್ ಹಿಡೀರಿ ಅಂದ್ರೆ! ನೀರಿನ ಟ್ಯಾಂಕಿಗೆ ಗುದ್ದಿದ್ರಲ್ಲ,” ಎಂದು ಆಕೆ ಗದರುವುದು, “ಅದೇ ಅಡ್ಡ ಬಂತು ಕಣೆ,” ಎಂದು ಅವರು ಗೊಣಗುವುದು ಕೆಳಗೆ ನನಗೆ ಕೇಳುತ್ತಿತ್ತು. ಪ್ರತಿ ಭಾನುವಾರ ಬಸ್ಸು ಹತ್ತಿ ಹಳೆಯ ಬೈಕು ನೋಡಲು ಹೋಗುವರು, ಬರಿಗೈಯಲ್ಲಿ ಬರುವರು. ಒಂದರ ಮೇಲೆ ಕೂತರೆ ಆಕೆಯ ಕಾಲು ನೆಲಕ್ಕೆ ಎಟುಕದು, ಇನ್ನೊಂದರ ಸದ್ದು ಅವರ ಕಿವಿಗೆ ಒಗ್ಗದು. “ಒಂದೇ ತಗೊಂಡು ಇಬ್ರೂ ಕೂತ್ಕೊಳ್ಳಿ, ಮುಗೀತಲ್ಲ,” ಎಂದೆ. “ಹಿಂದೆ ಕೂತ್ರೆ ಇವರ ಬೆನ್ನು ಬಿಟ್ರೆ ಏನೂ ಕಾಣಲ್ಲಮ್ಮ. ನಂಗೆ ದಾರಿ ಕಾಣ್ಬೇಕು,” ಎಂದಳು ಆಕೆ. ನಿಜವೇ. ನಮ್ಮವರು ಇದ್ದಾಗ ಮೂವತ್ತು ವರ್ಷ ಅವರ ಬೈಕಿನ ಹಿಂದೆ ಕೂತು ನಾನು ಕಂಡದ್ದು ಅವರ ಅಂಗಿಯ ಬೆನ್ನು, ಎಡ ಭುಜದ ಹತ್ತಿರ ನಾನೇ ಹಾಕಿದ ಹೊಲಿಗೆ, ಅಷ್ಟೇ. ಏಳನೆಯ ಭಾನುವಾರ ಎರಡೂ ಸಿಕ್ಕವು, ಅವರಿಗೆ ಕಪ್ಪನೆಯದು, ಆಕೆಗೆ ಗಿಡ್ಡನೆಯ ಕೆಂಪು. ಓಡಿಸಿ ಕೈ ಪಳಗಿದ ಮೇಲೆ ಒಂದು ದಿನ ಆಕೆ ನನ್ನ ಬಾಗಿಲಿಗೆ ಬಂದು ಹಾರ್ನ್ ಹೊಡೆದಳು. “ಹತ್ತಿ ಅಮ್ಮಾ, ನನ್ನ ಹಿಂದೆ ಮೊದಲು ನೀವೇ ಕೂರ್ಬೇಕು.” ಹಿಂದಿನಂತೆಯೇ ಎರಡೂ ಕಾಲು ಒಂದೇ ಬದಿಗೆ ಇಳಿಬಿಟ್ಟು ಕೂತೆ. ಬೀದಿಯ ತುದಿಯ ತನಕ ಹೋಗಿ ಬಂದೆವು. “ಹೇಗಿತ್ತಮ್ಮ?” ಎಂದಳು. “ನೀನು ಗಿಡ್ಡಿ ಕಣೆ, ದಾರಿಯೆಲ್ಲ ಕಾಣ್ತು,” ಎಂದೆ. ಅವಳು ಹಿಗ್ಗಿ ನಕ್ಕಳು. ಅಷ್ಟು ದಾರಿ ಕಂಡರೂ ನನ್ನ ಕಣ್ಣು ಉದ್ದಕ್ಕೂ ಆ ಹೊಲಿಗೆಯನ್ನೇ ಹುಡುಕುತ್ತಿತ್ತು.