ಡೇವಿಡ್‌ಸನ್ ಹೊಳೆಗೆ ಇಳಿದ ವಸಂತಾ ಆಂಟಿ

ನಾರ್ತ್ ಕ್ಯಾರೊಲಿನಾದ ಆ ಬೆಟ್ಟದೂರಿನಲ್ಲಿ ಕನ್ನಡದ ಮನೆ ಅಂತ ಇದ್ದದ್ದು ಒಂದೇ, ಡಾಕ್ಟರ್ ಸತ್ಯನಾರಾಯಣ ಅವರದು. ರಾಲಿಯಿಂದ ನಾವು ಆ ಕಡೆ ಹೋದಾಗಲೆಲ್ಲ ಊಟ ಅಲ್ಲೇ. ಅವರ ಹೆಂಡತಿ ವಸಂತಾ ಆಂಟಿ ಮೈಸೂರಿನವರು. ಅವರ ಅಡುಗೆಮನೆಯ ಟೇಬಲ್ಲಿಗೆ ಪುಟ್ಟ ಇಕ್ಕಳವೊಂದನ್ನು ಬಿಗಿದಿದ್ದರು. ಅದರಲ್ಲಿ ಗಾಳದ ಕೊಕ್ಕೆ ಸಿಕ್ಕಿಸಿ, ಕೋಳಿಗರಿಯನ್ನೂ ರೇಷ್ಮೆ ದಾರವನ್ನೂ ಸುತ್ತಿ ಆಂಟಿ ಹುಸಿ ನೊಣ ಕಟ್ಟುತ್ತಿದ್ದರು. ನೀರಿನ ಮೇಲೆ ತೇಲಿಬಿಟ್ಟರೆ ಟ್ರೌಟ್ ಮೀನು ನಿಜವಾದ ನೊಣವೆಂದೇ ಬಾಯಿ ಹಾಕಬೇಕು, ಅಷ್ಟು ನಯ. "ಮಲ್ಲಿಗೆ ಕಟ್ಟಿದ ಕೈ ಕಣೇ, ಇದೇನು ಮಹಾ" ಅನ್ನುತ್ತಿದ್ದರು ನನಗೆ.

ಕಟ್ಟುತ್ತಿದ್ದದ್ದು ಗಂಡನಿಗಾಗಿ. ಡಾಕ್ಟರಿಗೆ ಶನಿವಾರ ಬಂತೆಂದರೆ ಡೇವಿಡ್‌ಸನ್ ನದಿ. ಪೇಪರ್ ಮಿಲ್ಲಿನಿಂದ ರಿಟೈರ್ ಆಗಿದ್ದ ಕ್ಲೈಡ್ ಅನ್ನೋ ಗೆಳೆಯನ ಜೊತೆ ಬೆಳಿಗ್ಗೆಯೇ ಹೊರಟುಬಿಡುವರು. ಆಂಟಿಯ ಹಾಗೆ ಡಾಕ್ಟರೂ ಮೀನು ತಿನ್ನುವವರಲ್ಲ. ಹಿಡಿದದ್ದನ್ನು ನೀರಿಗೇ ಬಿಟ್ಟು ಬಂದು, "ವಸು, ಇವತ್ತು ನಿನ್ನ ಕಂದು ನೊಣಕ್ಕೆ ಎರಡು ಬಂದವು" ಎಂದು ಹೇಳುವರು. ಆಂಟಿಗೆ ಆ ಹೊಳೆ ಗೊತ್ತಿದ್ದದ್ದು ಅಷ್ಟೇ. ಹದಿನಾರು ವರ್ಷ ಅವರು ಕರೆಯಲಿಲ್ಲ, ಇವರು ಕೇಳಲಿಲ್ಲ.

ತೊಂಬತ್ತಮೂರರ ಜೂನ್‌ನಲ್ಲಿ ಕ್ಲಿನಿಕ್ಕಿನಲ್ಲೇ ಡಾಕ್ಟರ ಹೃದಯ ನಿಂತಿತು. ಮಗಳು ಇಶಾ ಅಟ್ಲಾಂಟಾಕ್ಕೆ ಬಂದುಬಿಡು ಎಂದಳು. ಆಂಟಿ ಹೋಗಲಿಲ್ಲ. ನೊಣ ಕಟ್ಟುವುದನ್ನೂ ಬಿಡಲಿಲ್ಲ. ಡಬ್ಬಿಗಳು ತುಂಬಿದವು, ಒಯ್ಯುವವರಿರಲಿಲ್ಲ.

ಮರುವರ್ಷ ಏಪ್ರಿಲ್‌ನಲ್ಲಿ ಕ್ಲೈಡ್ ಬಂದ. ಮಿಕ್ಕಿದ್ದರೆ ನಾಲ್ಕು ನೊಣ ಕೊಡುತ್ತೀರಾ ಎಂದು ಬಾಗಿಲಲ್ಲೇ ನಿಂತು ಸಂಕೋಚದಿಂದ ಕೇಳಿದ.

"ಎಲ್ಲ ತಗೋ" ಎಂದರು ಆಂಟಿ. "ಆದರೆ ಅವರು ಎಲ್ಲಿ ನಿಲ್ಲುತ್ತಿದ್ದರು ಅಂತ ನನಗೆ ತೋರಿಸು."

ಕ್ಲೈಡ್ ಅವರನ್ನು ಅಂದೇ ಕರೆದುಕೊಂಡು ಹೋದ. ದೊಡ್ಡ ಬಂಡೆಯ ಕೆಳಗೆ ನೀರು ಸುತ್ತಿ ನಿಧಾನವಾಗುವ ಒಂದು ಮಡು. "ಇಲ್ಲೇ. ಇದು ನಿಮಗೆ ಇಷ್ಟವಾಗುತ್ತೆ ಅಂತ ಡಾಕ್ಟರ್ ಎಷ್ಟೋ ಸಲ ಅಂದಿದ್ದಾರೆ. ಆದರೆ ಮೀನಿನ ಬಾಯಿಗೆ ಕೊಕ್ಕೆ ಚುಚ್ಚಿದ್ದನ್ನು ನೀವು ನೋಡಲಾರಿರಿ ಅಂತ ಕರೆಯುತ್ತಿರಲಿಲ್ಲ."

ಆಂಟಿ ಬಂಡೆಯ ಮೇಲೆ ಕೂತುಬಿಟ್ಟರಂತೆ. "ನಾನು ಏನಂದುಕೊಂಡಿದ್ದೆ ಗೊತ್ತಾ?" ಎಂದು ನನಗೆ ಆಮೇಲೆ ಹೇಳಿದರು. "ವಾರವೆಲ್ಲ ಪೇಷೆಂಟ್ಸ್ ಜೊತೆ ಮಾತಾಡಿ ಅವರಿಗೆ ಸಾಕಾಗಿರುತ್ತೆ, ಇದೊಂದು ದಿನ ನಾನೂ ಇಲ್ಲದೆ ಇರಲಿ ಅಂತ."

ಆ ಬೇಸಿಗೆಯೆಲ್ಲ ಕ್ಲೈಡ್ ಅವರಿಗೆ ಗಾಳ ಬೀಸುವುದನ್ನು ಕಲಿಸಿದ. ಡಾಕ್ಟರ ರಬ್ಬರ್ ಬೂಟು ದೊಡ್ಡದಾಗಿ, ಆಂಟಿ ಎರಡು ಜೊತೆ ಉಣ್ಣೆ ಕಾಲುಚೀಲ ಹಾಕಿಕೊಂಡು ಇಳಿಯುತ್ತಿದ್ದರು. ದಾರ ಮರಕ್ಕೆ ಸಿಕ್ಕಿಕೊಳ್ಳುವುದು, ಅವರ ಟೋಪಿಗೇ ಸಿಕ್ಕಿಕೊಳ್ಳುವುದು. ಸೆಪ್ಟೆಂಬರಿನ ಒಂದು ಶನಿವಾರ ನೊಣ ಸರಿಯಾಗಿ ಮಡುವಿಗೆ ಬಿತ್ತು. ನೀರು ಸಣ್ಣಗೆ ಒಡೆಯಿತು, ಕೋಲು ಬಗ್ಗಿತು, ಕೈಯಲ್ಲಿ ಒಂದು ಜೀವ ಜಗ್ಗಿತು.

"ರೀ, ನೋಡಿ ಇಲ್ಲಿ" ಎಂದು ಆಂಟಿ ಕನ್ನಡದಲ್ಲಿ ಕೂಗಿ ದಡದ ಕಡೆ ತಿರುಗಿದರು.

ದಡದಲ್ಲಿ ಕ್ಲೈಡ್ ಇದ್ದ. ಅವನಿಗೆ ಮಾತು ತಿಳಿಯಲಿಲ್ಲ, ಆದರೂ ತಿಳಿಯಿತು. ಅವನು ಮುಖ ಪಕ್ಕಕ್ಕೆ ತಿರುಗಿಸಿಕೊಂಡ. ಆಂಟಿ ಕೈ ಒದ್ದೆ ಮಾಡಿಕೊಂಡು ಮೀನನ್ನು ಹಿಡಿದು, ಕೊಕ್ಕೆ ಬಿಡಿಸಿ, ಅದು ಸುಧಾರಿಸಿಕೊಳ್ಳುವ ತನಕ ನೀರಲ್ಲೇ ಆನಿಸಿಕೊಂಡು ನಿಂತಿದ್ದು ಕೊನೆಗೆ ಬಿಟ್ಟರು.

ಮುಂದೆ ನಾಲ್ಕು ವರ್ಷ ಅವರು ಶನಿವಾರ ತಪ್ಪಿಸಲಿಲ್ಲ. ಆಮೇಲೆ ಮಂಡಿ ಆಪರೇಷನ್ ಆಯಿತು, ಜಾರುಗಲ್ಲಿನ ಮೇಲೆ ನಿಲ್ಲಲಾಗದು. ಈಗ ದಡದಲ್ಲಿ ಮಡಿಚುವ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಹೋದ ತಿಂಗಳು ನಾನೂ ಪಕ್ಕದಲ್ಲಿದ್ದೆ.

"ಕ್ಲೈಡ್, ಮೀನು ಸಿಗದ ದಿನ ಅವರು ಏನು ಮಾಡೋರು?" ಎಂದು ಕೇಳಿದರು.

"ಏನೂ ಇಲ್ಲ. ಅಲ್ಲಿ, ಆ ತಿರುವಿನ ಕಡೆ ನೋಡುತ್ತಾ ನಿಂತಿರುತ್ತಿದ್ದರು."

ಆಂಟಿ ಕನ್ನಡಕ ಒರೆಸಿಕೊಂಡು ಆ ಕಡೆ ನೋಡತೊಡಗಿದರು. ಬಿಸಿಲು ಬೆಟ್ಟ ದಾಟುವವರೆಗೂ ಹೊರಡೋಣ ಅನ್ನಲಿಲ್ಲ.