ಅಮ್ಮನಿಂದ ಬಿಡುಗಡೆ ಕೇಳಿದ ವರ್ಷ

ಮಣಿಪಾಲದ ಆಸ್ಪತ್ರೆಯೊಂದರಲ್ಲಿ ಡೆಂಗೆ ಜ್ವರ ಬಂದು ಮಲಗಿದ್ದಾಗ ಅಮ್ಮ ನನ್ನ ವಿಡಿಯೋ ಮಾಡಿದಳು. ಕೈಗೆ ಡ್ರಿಪ್ಸ್ ಹಾಕಿದ್ದರು, ತುಟಿ ಒಡೆದಿತ್ತು, ಹೊದಿಕೆ ಎದೆಯಿಂದ ಜಾರಿತ್ತು. ಕಣ್ಣು ಬಿಟ್ಟರೆ ಮುಖದೆದುರು ಮೊಬೈಲ್. "ನಮ್ಮ ಪಾಪುವಿಗಾಗಿ ಎಲ್ಲರೂ ಪ್ರಾರ್ಥನೆ ಮಾಡಿ" ಎಂದು ಅಮ್ಮ ಅಳುವ ಧ್ವನಿಯಲ್ಲಿ ಹೇಳುತ್ತಿದ್ದಳು. ಹೇಳಿ ಮುಗಿಸಿ, ಒಮ್ಮೆ ನೋಡಿಕೊಂಡು, "ಬೆಳಕು ಸರಿ ಬರಲಿಲ್ಲ, ಇನ್ನೊಮ್ಮೆ ಕಣ್ಣು ಮುಚ್ಚು" ಎಂದಳು.

ಆಗ ನನಗೆ ಹದಿನೇಳು ನಡೆಯುತ್ತಿತ್ತು. ನಮ್ಮ ಮನೆ ಕಾಪುವಿನಲ್ಲಿ, ಅಪ್ಪ ಗಲ್ಫ್‌ನಲ್ಲಿ. ಅಪ್ಪನಿಗೆ ಕಳಿಸಲಿಕ್ಕೆಂದು ಶುರುವಾದ ನನ್ನ ವಿಡಿಯೋಗಳು ನಾನು ಶಾಲೆಗೆ ಸೇರುವಷ್ಟರಲ್ಲಿ ಲೋಕಕ್ಕೆಲ್ಲ ಹೋಗತೊಡಗಿದ್ದವು. ನಾನು ಹಲ್ಲುಜ್ಜಿದ್ದು, ಪೆಟ್ಟು ತಿಂದು ಅತ್ತದ್ದು, ಗಣಿತದಲ್ಲಿ ಫೇಲಾದದ್ದು ಎಲ್ಲವೂ. ಮೊದಲ ಸಲ ಮುಟ್ಟಾದಾಗ ಹೂ ಮುಡಿಸಿ, ಆರತಿ ಎತ್ತಿ, ಅದನ್ನೂ ಹಾಕಿದಳು. ಆ ವಾರ ಉಡುಪಿ ಬಸ್ಸಿನಲ್ಲಿ ಗುರುತು ಪರಿಚಯವಿಲ್ಲದ ಗಂಡಸೊಬ್ಬ ನನ್ನ ಮೇಲೆ ಬಾಗಿ, "ಎಂತ ಪಾಪು, ದೊಡ್ಡವಳಾದಿಯಂತೆ ಅಲ್ವಾ?" ಎಂದು ನಕ್ಕ. ಮನೆಗೆ ಬಂದು ಹೇಳಿದರೆ ಅಮ್ಮ, "ಜನ ಗುರುತು ಹಿಡಿಯುತ್ತಾರೆ, ಖುಷಿ ಪಡು" ಎಂದಳು. ಅವತ್ತು ಅವಳ ಮೊಬೈಲನ್ನು ಬಾವಿಗೆ ಎಸೆಯಬೇಕಿತ್ತು ಎಂದು ಈಗಲೂ ಅನ್ನಿಸುತ್ತದೆ.

ಆಸ್ಪತ್ರೆಯಿಂದ ಬಂದ ಮೇಲೆ ಒಂದು ಸಂಜೆ ಕಾಲೇಜು ಬಿಟ್ಟು ನೇರ ಉಡುಪಿಗೆ ಹೋದೆ. ಗೆಳತಿಯ ಚಿಕ್ಕಮ್ಮ ಅಲ್ಲಿ ವಕೀಲರು. "ಕಾನೂನು ಪ್ರಕಾರ ನಾನು ಅಮ್ಮನಿಂದ ಬೇರೆಯಾಗಬೇಕು" ಎಂದೆ.

ಅವರು ನಗಲಿಲ್ಲ. "ಕೆಲವು ದೇಶಗಳಲ್ಲಿ ಹಾಗೆ ಉಂಟು. ಮಕ್ಕಳೇ ಕೋರ್ಟಿಗೆ ಹೋಗಿ ಸ್ವತಂತ್ರರಾಗುವುದು. ನಮ್ಮಲ್ಲಿ ಇಲ್ಲ. ಹದಿನೆಂಟು ತುಂಬುವವರೆಗೆ ನಿನಗೆ ಯಾರಾದರೂ ಪೋಷಕರು ಇರಲೇಬೇಕು."

"ಹಾಗಾದರೆ ಸುಮ್ಮನೆ ಇರಬೇಕಾ?"

"ಹಾಗೆ ಹೇಳಲಿಲ್ಲ. ನೆಂಟರಲ್ಲಿ ಯಾರಾದರೂ ನಿನ್ನ ಪೋಷಕರಾಗುತ್ತೇವೆ ಅಂತ ಜಿಲ್ಲಾ ಕೋರ್ಟಿಗೆ ಅರ್ಜಿ ಹಾಕಬಹುದು. ನಿನ್ನ ಇಷ್ಟ ಎಂತ ಅಂತ ಜಡ್ಜ್ ಕೇಳುತ್ತಾರೆ. ಆದರೆ ತೀರ್ಪು ಬರುವಾಗ ನಿನಗೆ ಹದಿನೆಂಟು ಕಳೆದಿರುತ್ತದೆ. ಬೇಗ ಆಗಬೇಕಾದರೆ ಮಕ್ಕಳ ಕಲ್ಯಾಣ ಸಮಿತಿ ಉಂಟು. ಅಲ್ಲಿಗೆ ನೀನೇ ಹೋಗಿ ಹೇಳಬಹುದು. ನೀನು ಸುರಕ್ಷಿತವಾಗಿ ಇರುವ ಮನೆ ಯಾವುದು ಅಂತ ಅವರು ನೋಡುತ್ತಾರೆ."

ನನಗೆ ಮೈಯೆಲ್ಲ ಉರಿಯಿತು. ನನ್ನ ಮುಖವನ್ನು ಯಾರಿಗೆ ತೋರಿಸಬೇಕು, ಯಾರಿಗೆ ತೋರಿಸಬಾರದು ಎಂದು ಹೇಳಲಿಕ್ಕೂ ಇನ್ನೊಬ್ಬ ದೊಡ್ಡವರು ಬೇಕೆ?

ಬೇಕೇ ಬೇಕಾದರೆ ಇದ್ದವಳು ಕಾರ್ಕಳದ ಅತ್ತೆ, ಅಪ್ಪನ ಅಕ್ಕ. ಮದುವೆಯಾಗದೆ ಸಣ್ಣ ಬೇಕರಿ ನಡೆಸಿಕೊಂಡಿದ್ದಳು. ಫೋನಿನಲ್ಲಿ ಎಲ್ಲ ಕೇಳಿ, "ಬಾ. ಒಂದು ಕೋಣೆ ಖಾಲಿ ಉಂಟು" ಎಂದಳು, ಅಷ್ಟೇ. ಅಪ್ಪ ಮಾತ್ರ, "ಅಮ್ಮ ಅಲ್ವಾ, ಸ್ವಲ್ಪ ಅಡ್ಜಸ್ಟ್ ಮಾಡು ಮಾರಾಯ್ತಿ. ನನಗೂ ನಿನ್ನನ್ನು ನೋಡಿದ ಹಾಗೆ ಆಗುತ್ತದೆ" ಎಂದರು.

"ನನ್ನನ್ನು ನೋಡಬೇಕಾದರೆ ನನಗೆ ಫೋನ್ ಮಾಡಿ" ಎಂದು ಕಟ್ ಮಾಡಿದೆ.

ನಾನೇ ಹೋಗಿ ದೂರು ಕೊಟ್ಟ ಮೇಲೆ ಮಕ್ಕಳ ಸಮಿತಿಯವರು ಅಮ್ಮನನ್ನೂ ಕರೆಸಿದರು. ಅವಳು ಅತ್ತು ಅತ್ತು ಕಣ್ಣು ಕೆಂಪು ಮಾಡಿಕೊಂಡು ಬಂದಿದ್ದಳು. "ನಾನು ಹೊಡೆದಿದ್ದೇನಾ? ಉಪವಾಸ ಕೂರಿಸಿದ್ದೇನಾ? ಅವಳನ್ನೇ ಕೇಳಿ." ಒಬ್ಬ ಸದಸ್ಯರು ನನ್ನ ಕಡೆ ತಿರುಗಿದರು. ಇಲ್ಲ ಎಂದೆ. ಆಮೇಲೆ ಮೊಬೈಲಿನಲ್ಲಿ ಆಸ್ಪತ್ರೆಯ ವಿಡಿಯೋ ತೆರೆದು ಮೇಜಿನ ಮೇಲಿಟ್ಟೆ. ಅದರ ಕೆಳಗೆ ಯಾರ್ಯಾರೋ ಗಂಡಸರು ನನ್ನ ಮೈಯ ಬಗ್ಗೆ ಬರೆದದ್ದಿತ್ತು. ಒಂದನ್ನು ಗಟ್ಟಿಯಾಗಿ ಓದತೊಡಗಿದೆ.

"ಸಾಕಮ್ಮ, ಸಾಕು" ಎಂದರು ಆ ಸದಸ್ಯರು.

"ನನಗೆ ಸಾಕಾಗಿ ಬಹಳ ಕಾಲವಾಯಿತು" ಎಂದೆ. ಅಮ್ಮ ತಲೆ ಎತ್ತಲಿಲ್ಲ.

ಹದಿನೆಂಟು ತುಂಬುವವರೆಗೆ ನಾನು ಅತ್ತೆಯ ಮನೆಯಲ್ಲಿರಬೇಕು, ಅಮ್ಮ ನನ್ನ ಹೊಸ ವಿಡಿಯೋ ಹಾಕಬಾರದು ಎಂದು ಆದೇಶವಾಯಿತು. ಅಮ್ಮ ಒಪ್ಪಿದಳು. ಸ್ವಲ್ಪ ದಿನದಲ್ಲೇ ಕಾಪು ಕಡಲ ದಂಡೆಯಲ್ಲಿ ಒಬ್ಬಳೇ ಕೂತು, "ನನ್ನ ಮಗುವನ್ನು ನನ್ನಿಂದ ಕಿತ್ತುಕೊಂಡರು" ಎಂದು ಅತ್ತ ವಿಡಿಯೋ ಬಂತು. ನನ್ನ ಮುಖ ಅದರಲ್ಲಿರಲಿಲ್ಲ, ಹಾಗಾಗಿ ಆದೇಶ ಮುರಿದಂತಾಗಲಿಲ್ಲ. ಕಾರ್ಕಳದಿಂದ ಮಣಿಪಾಲಕ್ಕೆ ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ಅದನ್ನು ನೋಡಿದ ಹೆಂಗಸರು ನನಗೆ ಬುದ್ಧಿ ಹೇಳಿದರು. ಹೆತ್ತವಳನ್ನು ಅಳಿಸಬಾರದಂತೆ. ನಾನು ಎಷ್ಟು ಅತ್ತೆನೆಂದು ಅವರಿಗೆ ಗೊತ್ತಿತ್ತು. ನನ್ನ ವಿಡಿಯೋಗಳನ್ನೆಲ್ಲ ಕೂತು ನೋಡಿದ್ದರಲ್ಲ!

ವಕೀಲರು ಹಟ ಹಿಡಿದು ಆಸ್ಪತ್ರೆಯದ್ದನ್ನೂ ಆರತಿಯದ್ದನ್ನೂ ತೆಗೆಸಿದರು. ಉಳಿದವು ಇನ್ನೂ ಇವೆ. ಬೇರೆಯವರು ತಮ್ಮ ಮೊಬೈಲಿಗೆ ಇಳಿಸಿಕೊಂಡದ್ದನ್ನು ಯಾರೂ ತೆಗೆಸಲಾರರು.

ಹದಿನೆಂಟಾದ ಮೇಲೂ ನಾನು ಅತ್ತೆಯ ಮನೆಯಲ್ಲೇ ಉಳಿದೆ. ಅಮ್ಮ ಆಗಾಗ ಭಾನುವಾರ ಬರುತ್ತಾಳೆ. ಕಳೆದ ಸಲ ಮಟ್ಟುಗುಳ್ಳ ಬದನೆಯ ಪಲ್ಯ ಮಾಡಿ ತಂದಿದ್ದಳು.

"ಇನ್ನಾದರೂ ಮನೆಗೆ ಬಾ" ಎಂದಳು. "ನಾನು ಎಂತ ತಪ್ಪು ಮಾಡಿದೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ."

"ಅದಕ್ಕೇ ಬರುವುದಿಲ್ಲ" ಎಂದೆ.

ಅತ್ತೆ ತಟ್ಟೆ ಇಟ್ಟಳು. ಮೂವರೂ ಕೂತು ಉಂಡೆವು. ಪಲ್ಯ ರುಚಿಯಾಗಿತ್ತು. ಅದನ್ನು ಅವಳಿಗೆ ಹೇಳಲು ನನಗೆ ಮನಸ್ಸು ಬರಲಿಲ್ಲ.